ಇಲಿಮನೆಯ ಹಜರಾಬಿ

ತೂಕ ನಲವತ್ನಾಲ್ಕು ಕಿಲೊ. ಅರ್ಧ ಕಿಲೊ ಆಚೀಚೆ. ವಯಸ್ಸು ಮೂವತ್ತರ ಮೇಲೆ, ಮೂವತ್ತೈದರ ಒಳಗೆ. ಸೀರೆ ಹಳೆಯದು, ಒಗೆತ ಚೊಕ್ಕ. ಕಾಲಲ್ಲಿ ಚಪ್ಪಲಿಯಿಲ್ಲ, ಕೈಯಲ್ಲಿ ಚೀಟಿಯಿದೆ. ಕಣ್ಣು ನನ್ನ ಮುಖದ ಮೇಲಿಲ್ಲ, ತಕ್ಕಡಿಯ ಮುಳ್ಳಿನ ಮೇಲಿದೆ. ಉದ್ರಿ ಕೇಳುವ ಪೈಕಿ ಅಲ್ಲ, ಮಾತಿನಲ್ಲಿ ಮರುಳು ಮಾಡುವುದಕ್ಕೂ ಆಗದು. ಒಟ್ಟಿನಲ್ಲಿ ಲಾಭವಿಲ್ಲದ ಗಿರಾಕಿ. ೧೯೭೯ರ ದೀಪಾವಳಿ ಮುಗಿದ ವಾರ ಹಳಿಯಾಳ ಪೇಟೆಯ ನನ್ನ ಅಂಗಡಿಯ ಮೆಟ್ಟಿಲೇರಿದ ಹಜರಾಬಿಗೆ ನಾನು ಕಟ್ಟಿದ ಬೆಲೆ ಇಷ್ಟು. ಎತ್ತಿರಲಿ, ಅಕ್ಕಿಯಿರಲಿ, ಬೀಗನಿರಲಿ, ಬೆಲೆ ಕಟ್ಟಲು ನನಗೆ ಇದಕ್ಕಿಂತ ಹೆಚ್ಚು ಹೊತ್ತು ಬೇಕಾಗುವುದಿಲ್ಲ.

"ಹಂಗ್ಯಾಕ ನೋಡಾಕ ಹತ್ತೀರಿ ಸಾವಕಾರ್ರ?" ಅಂದಳು. "ನಾ ಕೊಳ್ಳಾಕ ಬಂದಾಕಿ. ಮಾರಾಕ ತಂದ ಮಾಲಲ್ಲ."

ಹಜರಾಬಿ ಸಿದ್ದಿ ಹೆಂಗಸು. ಅವಳ ಹಿರಿಯರನ್ನು ಆಫ್ರಿಕಾದಿಂದ ಹಡಗಿನಲ್ಲಿ ತಂದು ಗೋವೆಯಲ್ಲಿ ಮಾರಿದವರಿಗೂ ನನ್ನಂಥದೇ ಕಣ್ಣು ಇದ್ದಿರಬೇಕು. ಆ ವಿಚಾರ ನನಗೆ ಹೊಳೆದದ್ದು ರಾತ್ರಿ ಊಟಕ್ಕೆ ಕೂತಾಗ. ಆ ಹೊತ್ತಿಗೆ ಹೊಳೆದದ್ದು ಇಷ್ಟೇ: ಈ ಬಾಯಿಯ ಮುಂದೆ ಜಾಗರೂಕತೆಯಿಂದ ತೂಗಬೇಕು.

ತೂಗಲಿಲ್ಲ. ಎರಡು ಕಿಲೊ ಕಡಲೆ ಕಟ್ಟಿಕೊಟ್ಟೆ. ಅವಳು ಪೊಟ್ಟಣವನ್ನು ಬಲಗೈಯಲ್ಲಿ ಎತ್ತಿ, ಇಳಿಸಿ, ಮತ್ತೆ ಎತ್ತಿದಳು.

"ಕಮ್ಮಿ ಐತಿ."

"ಸರಕಾರದ ಮುದ್ರಿ ಹಾಕಿದ ಬಟ್ಟು ಐತವಾ."

"ಬಟ್ಟಿಗೆ ಮುದ್ರಿ ಐತಿ, ನಿಮ್ಮ ಹೆಬ್ಬಟ್ಟಿಗೆ ಇಲ್ಲ. ಮೂರು ದೊಡ್ಡ ಇಲಿ ಕಮ್ಮಿ ಐತಿ ನೋಡ್ರಿ."

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕು, ಹೆಬ್ಬೆರಳನ್ನು ಬೆನ್ನ ಹಿಂದೆ ಇಟ್ಟುಕೊಂಡು ಮತ್ತೆ ತೂಗಿದೆ. ತೊಂಬತ್ತು ಗ್ರಾಂ ಕಡಿಮೆ ಬಂತು. ದೊಡ್ಡ ಇಲಿ ಅಂದರೆ ಮೂವತ್ತು ಗ್ರಾಮಿನ ಲೆಕ್ಕ.

ಅವಳು ಕೆಲಸಕ್ಕಿದ್ದ ಇಲಿಮನೆ ಇದ್ದದ್ದು ಹಳಿಯಾಳ ದಾಟಿ ದಾಂಡೇಲಿ ರಸ್ತೆಗೆ ಎರಡು ಮೈಲಿನ ಮೇಲೆ, ಒಂದು ಹಳೆಯ ನಾಟಾ ಗೋದಾಮಿನಲ್ಲಿ. ಅಡಿವೆಯ್ಯ ಎಂಬ ಡಾಕ್ಟರು ಧಾರವಾಡದಿಂದ ಬಂದು ಅದನ್ನು ನಡೆಸುತ್ತಿದ್ದರು. ಔಷಧಿ ಕೊಡುವ ಡಾಕ್ಟರಲ್ಲ, ಓದಿನ ಡಾಕ್ಟರು. ಒಳಗೆ ನಾಲ್ಕು ನೂರು ಬಿಳಿ ಇಲಿ. ತಗಡಿನ ಪೆಟ್ಟಿಗೆ, ಮೇಲೆ ಕಬ್ಬಿಣದ ಜಾಳಿಗೆ, ಕೆಳಗೆ ಕಟ್ಟಿಗೆಯ ಹೊಟ್ಟು. ಕಡಲೆ, ಗೋದಿನುಚ್ಚು, ಶೇಂಗಾ ಹಿಂಡಿ ನನ್ನ ಅಂಗಡಿಯದು. ಹಾಗಾಗಿ ಹದಿನೈದು ದಿನಕ್ಕೊಮ್ಮೆ ಗಾಡಿಯ ಜೊತೆ ನಾನೂ ಹೋಗುತ್ತಿದ್ದೆ, ಹೋದಾಗ ಹಜರಾಬಿ ಕೆಲಸ ಮಾಡುವುದನ್ನು ನೋಡುತ್ತಿದ್ದೆ.

ಕೆಲಸದ ರೀತಿ ಹೀಗೆ. ೧೯೭೬ರಲ್ಲಿ ಡಾಕ್ಟರು ಒಂದೇ ತಳಿಯ ಇಲಿಗಳನ್ನು ತಂದು ಮೂರು ಪಾಲು ಮಾಡಿದರು. ಮೊದಲ ಪಾಲಿನಲ್ಲಿ ಆರು ವಾರಕ್ಕೆ ಮರಿಗಳನ್ನು ತೂಗಿ, ಹೆಚ್ಚು ತೂಕದವನ್ನು ಮಾತ್ರ ಜೋಡಿ ಮಾಡುವುದು. ಎರಡನೆಯದರಲ್ಲಿ ಕಡಿಮೆ ತೂಕದವನ್ನು. ಮೂರನೆಯದರಲ್ಲಿ ದೊಡ್ಡದು ಸಣ್ಣದು ನೋಡದೆ ಚೀಟಿ ಎತ್ತಿ ಬಂದವನ್ನು. ಅವುಗಳ ಮರಿಗಳಲ್ಲೂ ಹಾಗೆಯೇ, ಆ ಮರಿಗಳ ಮರಿಗಳಲ್ಲೂ ಹಾಗೆಯೇ. ಬೆಳವಣಿಗೆ ಅನ್ನುವುದು ತಂದೆತಾಯಿಯಿಂದ ಎಷ್ಟು ಬರುತ್ತದೆ, ಎಷ್ಟು ತಲೆಮಾರು ಬರುತ್ತದೆ ಎಂಬುದು ಡಾಕ್ಟರ ಪ್ರಶ್ನೆ. ಹಜರಾಬಿ ಇವನ್ನು ದೊಡ್ಡ ಸಾಲು, ಸಣ್ಣ ಸಾಲು, ಸುಮ್ಮನಿನ ಸಾಲು ಎಂದು ಕರೆಯುತ್ತಿದ್ದಳು.

"ಅಣ್ಣ ತಂಗಿ ಒಂದ ಪೆಟ್ಟಿಗ್ಯಾಗ ಹಾಕೂಹಂಗಿಲ್ರಿ," ಅಂದಿದ್ದಳು ಒಮ್ಮೆ. "ಇಲಿಗೂ ಸೋಯರಿಕಿ ನೋಡಬೇಕು. ನಿಮ್ಮ ಮನ್ಯಾಗ ಯಾರರೆ ವರ ಇದ್ರ ಹೇಳ್ರಿ, ಸಣ್ಣ ಸಾಲಿನ್ಯಾಗ ಹೆಣ್ಣು ಅದಾವ."

ಆರಿಸಿದ ಮೇಲೆ ಉಳಿದವನ್ನು ಕೊಲ್ಲುವುದು. ಅದೂ ಅವಳದೇ ಕೆಲಸ. ಬೆಳಿಗ್ಗೆ ಕೂತರೆ ನೂರು, ನೂರಿಪ್ಪತ್ತು. ಕುತ್ತಿಗೆಯ ಮೇಲೆ ಎಡಗೈ ಹೆಬ್ಬೆರಳು ಒತ್ತಿ ಬಲಗೈಯಲ್ಲಿ ಬಾಲ ಎಳೆಯುವಳು. ಕಡಲೆ ಒಡೆದಷ್ಟು ಸದ್ದು. ಬುಟ್ಟಿಗೆ ಎಸೆದು ಮುಂದಿನದಕ್ಕೆ ಕೈ ಹಾಕುವಳು. ನನ್ನ ಮಗ ಒಮ್ಮೆ ನೋಡಿ ವಾಂತಿ ಮಾಡಿಕೊಂಡ. ನಾನು ಮಾಡಿಕೊಳ್ಳಲಿಲ್ಲ, ಆದರೆ ಆ ದಿನ ಅಲ್ಲಿ ಚಹಾ ಕುಡಿಯಲಿಲ್ಲ. ಪ್ರತಿಯೊಂದಕ್ಕೂ ಅವಳ ತುಟಿ ಅಲುಗುತ್ತಿತ್ತು.

"ಏನು, ಹಲಾಲ ಮಾಡ್ತಿ ಏನು?" ಎಂದು ಚೇಷ್ಟೆ ಮಾಡಿದೆ.

"ತಿನ್ನೂದಿದ್ರ ಹಲಾಲ ಬೇಕು. ತಿನ್ನೂದಿಲ್ಲಲ್ಲ, ಅದಕ್ಕ ಮಾಫಿ ಕೇಳತೇನಿ."

ಒಂದೇ ಒಂದು ವಿಷಯದಲ್ಲಿ ಅವಳು ಡಾಕ್ಟರ ಮಾತು ಕೇಳುತ್ತಿರಲಿಲ್ಲ. ಬೇಟೆಗೆ ಹೋಗುತ್ತಿದ್ದ ಅವಳ ಅಪ್ಪ ಬಸಿರ ಪ್ರಾಣಿಗೆ ಗುರಿ ಹಿಡಿದವನ ಜೊತೆ ಗಂಗಾಳ ಹಂಚಿಕೊಳ್ಳುತ್ತಿರಲಿಲ್ಲವಂತೆ. ಬೇಕಾದ ಜೋಡಿಗಳು ಮರಿ ಹಾಕಿದ ಮೇಲೆ, ಹೆಚ್ಚುವರಿಯಾಗಿ ಇಟ್ಟುಕೊಂಡ ಜೋಡಿಗಳನ್ನು ಕೊಲ್ಲಬೇಕೆಂದು ನಿಯಮ. ಅವುಗಳಲ್ಲಿ ಹೊಟ್ಟೆ ಬಂದವೂ ಇರುತ್ತಿದ್ದವು. ಹಜರಾಬಿ ಅವನ್ನು ಕೊಂದೆ ಎಂದು ಹೇಳಿ, ತೂತು ಹೊಡೆದ ಎಣ್ಣೆ ಡಬ್ಬಿಯಲ್ಲಿ ಹಾಕಿಕೊಂಡು ತನ್ನ ಹಟ್ಟಿಗೆ ಒಯ್ಯುತ್ತಿದ್ದಳು. ನನಗೆ ಗೊತ್ತಾದದ್ದು ಅವಳು ತನ್ನ ಕೂಲಿಯಲ್ಲಿ ಬೇರೆಯಾಗಿ ಅರ್ಧ ಕಿಲೊ ಕಡಲೆ ಕೊಳ್ಳುತ್ತಿದ್ದುದರಿಂದ. ಅದು ತಪ್ಪು ಎಂದು ಅವಳಿಗೂ ಗೊತ್ತಿತ್ತು. ಇಲಿಮನೆಯ ಇಲಿ ಹೊರಗೆ ಹೋಗಬಾರದು. ಅವಳಿಗೆ ಬೇರೆ ದಾರಿ ಕಾಣಲಿಲ್ಲ, ಅಷ್ಟೇ.

ಡಾಕ್ಟರ ಮೇಜಿನ ಹಿಂದಿನ ಗೋಡೆಗೆ ಚೌಕಳಿ ಕಾಗದ ಅಂಟಿಸಿತ್ತು. ಅದರ ಮೇಲೆ ದೊಡ್ಡ ಸಾಲಿನ ಕೆಂಪು ಗೆರೆ, ಸಣ್ಣ ಸಾಲಿನ ಕಪ್ಪು ಗೆರೆ, ಸುಮ್ಮನಿನದು ಪೆನ್ಸಿಲ್ಲಿನಲ್ಲಿ. ಎಲ್ಲವೂ ಇಪ್ಪತ್ತೊಂದು ಗ್ರಾಮಿನಲ್ಲಿ ಹೊರಟಿದ್ದವು. ಪೆನ್ಸಿಲ್ ಗೆರೆ ಅಲ್ಲೇ ಅಡ್ಡಾಡುತ್ತಿತ್ತು. ಕಪ್ಪು ಹದಿಮೂರಕ್ಕೆ ಇಳಿಯಿತು, ಕೆಂಪು ಮೂವತ್ನಾಲ್ಕಕ್ಕೆ ಏರಿತು. ಏರಿ ನಿಂತಿತು. ೧೯೮೩ರ ಬೇಸಿಗೆಯಲ್ಲಿ ಡಾಕ್ಟರು ಅದನ್ನು ನನಗೆ ಬೆರಳಿಟ್ಟು ತೋರಿಸಿದರು.

"ಐದು ತಲಿಮಾರಾತು ಸಾವಕಾರ್ರ. ಅದೇ ಆರಿಸೂದು, ಅದೇ ಮೇವು. ಒಂದು ಗ್ರಾಂ ಸೈತ ಏರವಲ್ದು."

"ಯಾಕ್ರಿ?"

"ಮೊದಲು ತಂದ ಇಲಿಯೊಳಗ ಎಷ್ಟು ಭೇದ ಇತ್ತೋ ಅಷ್ಟನ್ನ ಆರಿಸಿ ಆರಿಸಿ ತಗದೀವಿ. ಈಗ ಎಲ್ಲಾ ಒಂದ ನಮೂನಿ ಆಗ್ಯಾವ. ಆರಿಸಾಕ ಏನೂ ಉಳಿದಿಲ್ಲ."

ನನಗೆ ತಕ್ಷಣ ತಿಳಿಯಿತು. ಬಂಡವಾಳ ತೀರಿದ ಮೇಲೆ ಎಷ್ಟು ಬುದ್ಧಿವಂತಿಕೆ ಮಾಡಿದರೂ ಲಾಭ ಹುಟ್ಟುವುದಿಲ್ಲ. "ದಿವಾಳಿ ಅನ್ರಿ ಹಂಗಾದ್ರ," ಅಂದೆ. ಡಾಕ್ಟರು ನಕ್ಕರು. ಪೆಟ್ಟಿಗೆ ತೊಳೆಯುತ್ತಿದ್ದ ಹಜರಾಬಿ, "ಅಕ್ಷರ ಬರದಿದ್ರೂ ಈ ಗೆರಿ ನನಗೂ ಓದಾಕ ಬರ್ತೈತ್ರಿ," ಅಂದಳು.

ಅದೇ ವರ್ಷ ಜೊಯಿಡಾ ಕಡೆಯ ಗುಡ್ಡಗಳಲ್ಲಿ ಬಿದಿರು ಹೂ ಬಿಟ್ಟಿತು. ಹಿಂಡುಹಿಂಡಾಗಿ ಹೂ ಬಿಟ್ಟು, ಅಕ್ಕಿ ಉದುರಿಸಿ, ಹಿಂಡುಹಿಂಡಾಗಿ ಸತ್ತಿತು. ನೆಲದ ಮೇಲೆ ಗೇಣು ದಪ್ಪ ಬಿದಿರಕ್ಕಿ. ಕಾಡಿನ ಇಲಿಗಳು ತಿಂದು ಹೆತ್ತವು, ಅವುಗಳ ಮರಿಗಳೂ ತಿಂದು ಹೆತ್ತವು. ಮಳೆ ನಿಂತಾಗ ಬಿದಿರಕ್ಕಿ ತೀರಿತು. ಆಮೇಲೆ ಅವು ಕೆಳಗಿಳಿದವು.

ಭತ್ತದ ಗದ್ದೆಗಳು ಒಂದೇ ವಾರದಲ್ಲಿ ಬೋಳಾದವು. ಜನ ಕೋಲು, ಸಲಿಕೆ, ಕುಡಗೋಲು ಹಿಡಿದು ದಿನವೆಲ್ಲ ಇಲಿ ಹೊಡೆದರು. ಬಿಲಗಳಿಗೆ ಮೆಣಸಿನಕಾಯಿ ಹೊಗೆ ಹಾಕಿ, ಹೊರಗೆ ನುಗ್ಗಿದವನ್ನು ಕಲ್ಲಿನ ಮೇಲೆ ಬಡಿದರು. ನಾಯಿಗಳು ತಿಂದು ತಿಂದು ಕಡೆಗೆ ಬರೀ ಕಚ್ಚಿ ಬಿಡುತ್ತಿದ್ದವು. ನನ್ನ ಗೋದಾಮಿನಲ್ಲಿ ಹಮಾಲರು ಒಂದು ಮಧ್ಯಾಹ್ನ ಮುನ್ನೂರು ಕೊಂದರು. ಗೋಡೆಗೆ ಮೊಣಕಾಲೆತ್ತರ ರಕ್ತ ಸಿಡಿದಿತ್ತು. ಆದರೂ ಮರುದಿನ ಮೂಟೆಗಳ ನಡುವೆ ಓಡಾಟ ಕೇಳುತ್ತಿತ್ತು. ದಾಂಡೇಲಿಯಲ್ಲಿ ಬಿದಿರು ಇಳಿಸುವ ಕೂಲಿ ಶೇಖಪ್ಪ ಎಂಬವನ ಆರು ತಿಂಗಳ ಕೂಸು ತೊಟ್ಟಿಲಲ್ಲಿ ಮಲಗಿದ್ದಾಗ ಇಲಿ ಅದರ ಕಾಲಿನ ಎರಡು ಬೆರಳು ಕಡಿದು ಒಯ್ದಿತು. ಅವನ ಹೆಂಡತಿ ಮಾಲವ್ವ ಆ ಕೂಸನ್ನು ಎತ್ತಿಕೊಂಡು ಪೇಟೆಯಲ್ಲಿ ಅಂಗಡಿ ಅಂಗಡಿಗೆ ತೋರಿಸುತ್ತ ಹೋದಳು, ಯಾರಾದರೂ ಅದಕ್ಕೆ ಉತ್ತರ ಹೇಳಬೇಕು ಅನ್ನುವ ಹಾಗೆ.

ಇಷ್ಟರ ನಡುವೆ ನನ್ನ ಗೋದಾಮಿನಲ್ಲಿ ಮುನ್ನೂರು ಮೂಟೆ ಅಕ್ಕಿಯಿತ್ತು. ದರವನ್ನು ವಾರಕ್ಕೆ ಎರಡು ಸಲ ಏರಿಸುತ್ತಿದ್ದೆ.

ಒಂದು ಮಂಗಳವಾರ ಹತ್ತು ಗಂಟೆಗೆ ನೂರೈವತ್ತು ಜನ ನನ್ನ ಅಂಗಡಿಯ ಮುಂದೆ ಬಂದು ನಿಂತರು. ಕೈಯಲ್ಲಿ ಬಿದಿರಿನ ಬಡಿಗೆ, ಬಡಿಗೆಗೆ ಬಾಲ ಕಟ್ಟಿ ತೂಗುಬಿಟ್ಟ ಸತ್ತ ಇಲಿಗಳು. ಶೇಖಪ್ಪ ಮುಂದೆ ಬಂದು ಒಂದು ಹೆಗ್ಗಣವನ್ನು ನನ್ನ ತಕ್ಕಡಿಯ ತಟ್ಟೆಗೆ ಎಸೆದ.

"ತೂಗ್ರಿ ಸಾವಕಾರ್ರ. ಇದರ ಹೊಟ್ಟ್ಯಾಗ ನಮ್ಮ ಭತ್ತ ಐತಿ. ಇದರಷ್ಟು ಅಕ್ಕಿ ಹ್ವಾದ ವರ್ಷದ ದರಕ್ಕ ಕೊಡ್ರಿ."

ಹಿಂದಿನವರ ಕಣ್ಣು ನನ್ನ ಮೇಲಿರಲಿಲ್ಲ, ಗೋದಾಮಿನ ಬೀಗದ ಮೇಲಿತ್ತು. ನನಗೆ ಬಾಯಿ ಒಣಗಿತು. ಬಾಯಿ ಒಣಗಿದಾಗ ನನಗೆ ಚೇಷ್ಟೆಯ ಮಾತು ಬರುತ್ತದೆ. ಅದು ನನ್ನ ಕಸುಬು.

"ಇಲಿ ಸಾಕಿದವ ನಾ ಅಲ್ಲೋ ಶೇಖಪ್ಪ. ಸಾಕಿ, ಆರಿಸಿ ಆರಿಸಿ, ವರ್ಷಕ್ಕಿಂತ ವರ್ಷ ದೊಡ್ಡವು ಮಾಡೂ ಮನಿ ದಾಂಡೇಲಿ ರಸ್ತಾದಾಗ ಐತಿ. ದರಾ ಅಲ್ಲಿ ಕೇಳು."

ಯಾರೂ ನಗಲಿಲ್ಲ. ಆಮೇಲೆ ನನ್ನ ಬೀಗದ ಕಡೆಗಿದ್ದ ಮುಖಗಳು ಒಂದೊಂದಾಗಿ ಆ ಕಡೆ ತಿರುಗಿದವು. ನಾನು ಬಾಗಿಲು ಹಾಕಿ ಗುಂಪಿನ ಹಿಂದೆಯೇ ಹೋದೆ. ತಡೆಯಲು ಹೋದೆ ಎಂದು ಮುಂದೆ ಪೊಲೀಸರಿಗೆ ಹೇಳಿಕೆ ಕೊಟ್ಟೆ. ನಿಜವಾಗಿ ಹೋದದ್ದು ಅವರು ಬೇಗ ತಿರುಗಿ ಬರುತ್ತಾರೋ ಏನೋ ನೋಡಲು.

ಡಾಕ್ಟರು ಧಾರವಾಡಕ್ಕೆ ಹೋಗಿದ್ದರು. ಹಜರಾಬಿ ಒಬ್ಬಳೇ ಇದ್ದಳು. ಒಳಗಿನಿಂದ ಅಗಳಿ ಹಾಕಿಕೊಂಡಿದ್ದಳು. ಬಾಗಿಲು ಮೂರನೆಯ ಒದೆತಕ್ಕೆ ಬಿತ್ತು. ಅವಳು ಪೆಟ್ಟಿಗೆಗಳ ಸಾಲಿಗೆ ಬೆನ್ನು ಕೊಟ್ಟು ನಿಂತಿದ್ದಳು.

"ಎಲ್ಲಿ ಅದಾವ ನಿನ್ನ ದೊಡ್ಡ ಇಲಿ? ತೋರಸ!" ಎಂದು ಶೇಖಪ್ಪ ಬಡಿಗೆ ಎತ್ತಿದ.

"ತೋರಸ್ತೇನಿ. ನಿನ್ನ ಬಡಿಗ್ಯಾಗಿಂದು ಒಂದು ಕೊಡು."

ಅವಳು ದೊಡ್ಡ ಸಾಲಿನ ಪೆಟ್ಟಿಗೆಯಿಂದ ಎಲ್ಲಕ್ಕಿಂತ ದಪ್ಪ ಗಂಡಿಲಿ ತೆಗೆದು ತಕ್ಕಡಿಯ ಒಂದು ತಟ್ಟೆಗೆ ಇಟ್ಟಳು. ಶೇಖಪ್ಪನ ಬಡಿಗೆಯ ಸತ್ತ ಇಲಿಯನ್ನು ಬಿಚ್ಚಿ ಇನ್ನೊಂದು ತಟ್ಟೆಗೆ ಹಾಕಿದಳು. ಸತ್ತದ್ದರ ತಟ್ಟೆ ಠಣ್ ಎಂದು ಮೇಜಿಗೆ ಬಡಿಯಿತು. ಬಿಳಿ ಇಲಿ ಮೇಲೆ ಕೂತು ಮೀಸೆ ತೀಡಿತು.

"ನಿನ್ನ ಕೂಸಿನ ಬೆರಳು ತಿಂದದ್ದು ಆ ಕಡೆ. ನಾ ಸಾಕಿದ್ದು ಈ ಕಡೆ. ಇಂಥಾವು ಆರು ಕೂಡಿದ್ರ ಅದು ಒಂದು. ಇದು ಕಾಡ್ಯಾಗ ಒಂದು ದಿನ ಬದುಕೂದಿಲ್ಲೋ ಯಪ್ಪಾ, ಕಾಗಿ ಎತ್ತಿಕೊಂಡು ಹೋಗ್ತೈತಿ."

ಗುಂಪು ಮೆತ್ತಗಾಯಿತು. ಹಿಂದಿನವರು ಕುತ್ತಿಗೆ ಚಾಚಿ ತಕ್ಕಡಿ ನೋಡಿದರು. ಒಬ್ಬಿಬ್ಬರು ಬಡಿಗೆ ಕೆಳಗಿಳಿಸಿದರು. ನನಗೆ ಹೆದರಿಕೆಯಾಯಿತು. ಅವಳಿಗಾಗಿ ಅಲ್ಲ. ಇವರು ಇಲ್ಲಿಂದ ತಿರುಗಿದರೆ ಹೋಗುವುದು ಎಲ್ಲಿಗೆ ಎಂದು.

ಆಗ ಇಲಿಮನೆಯ ಕಸ ಹೊಡೆಯುವ ಸತ್ತೆವ್ವ ಗುಂಪಿನಿಂದ ಕೂಗಿದಳು: "ಮತ್ತ ನಿನ್ನ ಮನ್ಯಾಗ ಡಬ್ಬಿ ತುಂಬ ಬಿಳಿ ಇಲಿ ಅದಾವಲ್ಲ, ಅವು ಯಾಕ? ನಾ ಕಣ್ಣಾರೆ ನೋಡೇನಿ!"

"ಬಸರಿ ಅದಾವ ಸತ್ತೆವ್ವಾ. ಕೊಲ್ಲಾಕ ಕೈ ಬರಲಿಲ್ಲ, ಅದಕ್ಕ ಒಯ್ದೇನಿ."

"ಬಸರಿ ಇಲಿ ಮನಿಗೆ ಒಯ್ತಾಳಂತ!" ಯಾರೋ ಕಿರುಚಿದರು. "ಹಡಿಸಿ ಹಡಿಸಿ ಕಾಡಿಗೆ ಬಿಡ್ತಾಳ!"

ಶೇಖಪ್ಪನ ಕಣ್ಣು ಗೋಡೆಯ ಕಾಗದದ ಮೇಲೆ ಬಿತ್ತು. "ಇದೇನು? ಈ ಕೆಂಪು ಗೆರಿ ಮ್ಯಾಲೆ ಹೊಂಟೈತಲ್ಲ, ಇಲಿ ದೊಡ್ಡವಾಗೂದು ಇದ ಏನು? ಇವತ್ತು ಇಷ್ಟು ಐತಿ, ನಾಳೆ ಇದು ಎಲ್ಲೀಮಟ ಹೋಗ್ತೈತಿ?"

ಹಜರಾಬಿ ಕಾಗದದ ಹತ್ತಿರ ಓಡಿದಳು. "ಇಲ್ಲೀ ತನಕ ಏರೇತಿ. ಇಲ್ಲಿಂದ ನಿಂತೈತಿ. ನೋಡಪ್ಪಾ, ಒಂದು, ಎರಡು, ಮೂರು, ನಾಕು, ಐದು. ಐದು ಪೀಳಿಗಿ ಒಂದ ಸಮ ಐತಿ. ಇನ್ನ ಬೆಳೆಯೂದಿಲ್ಲ."

"ನೀ ಎಷ್ಟನೇತ್ತೆ ಓದೀದಿ? ಸಾವಕಾರ್ರು ಅದಾರಲ್ಲ, ಅವರು ಓದಲಿ."

ಜನ ಸರಿದು ನನಗೆ ದಾರಿ ಮಾಡಿದರು. ಹಜರಾಬಿ ನನ್ನನ್ನು ಆಗಲೇ ನೋಡಿದ್ದು. ಅವಳ ಹೆಗಲು ಇಳಿಯಿತು, ಉಸಿರು ಬಿಟ್ಟಳು.

"ಸಾವಕಾರ್ರ, ಛಲೋ ಆತು ಬಂದ್ರಿ. ಹೇಳ್ರಿ ಇವರಿಗೆ. ನಿಮಗ ಗೊತ್ತೈತಿ."

ಗೊತ್ತಿತ್ತು. ಕಾಗದದ ಮುಂದೆ ನಿಂತೆ. ಕೆಂಪು ಗೆರೆಯ ಕೊನೆಯ ಐದು ಚುಕ್ಕೆ ಕಟ್ಟೆಯ ಹಾಗೆ ಸಮನಾಗಿದ್ದವು. ನನ್ನ ಹಿಂದೆ ನೂರೈವತ್ತು ಬಡಿಗೆ. ಅವರ ಹಿಂದೆ ಎರಡು ಮೈಲಿಗೆ ನನ್ನ ಗೋದಾಮು.

"ಇಪ್ಪತ್ತೊಂದು ಗ್ರಾಮಿನಿಂದ ಹೊಂಟು ಮೂವತ್ನಾಕಕ್ಕ ಏರೇತಿ," ಅಂದೆ. ಅಲ್ಲಿಗೆ ನಿಲ್ಲಿಸಿದೆ.

ಮೊದಲ ಬಡಿಗೆ ತಕ್ಕಡಿಯ ಮೇಲೆ ಬಿತ್ತು. ಆಮೇಲೆ ಪೆಟ್ಟಿಗೆಗಳ ಸಾಲಿಗೆ ಸಾಲೇ ಉರುಳಿತು. ಬಿಳಿ ಇಲಿಗಳು ನೆಲದ ತುಂಬ ಹರಡಿದವು. ಓಡಲು ಬಾರದ ಮನೆಯ ಇಲಿಗಳು, ಬಿದ್ದಲ್ಲಿಯೇ ಹಿಂಗಾಲ ಮೇಲೆ ಕೂತು ಮೂಗು ಆಡಿಸುತ್ತಿದ್ದವು. ಜನ ಅವನ್ನು ತುಳಿದರು. ಕಾಲು ಜಾರಿ ಬಿದ್ದವರು ಎದ್ದು ಮತ್ತೆ ತುಳಿದರು. ಗದ್ದೆಯ ಸಿಟ್ಟು, ಕೂಸಿನ ಬೆರಳಿನ ಸಿಟ್ಟು, ನನ್ನ ಅಕ್ಕಿಯ ದರದ ಸಿಟ್ಟು, ಎಲ್ಲ ಆ ನೆಲದ ಮೇಲೆ ಬಿತ್ತು. ಹಜರಾಬಿ ಕಬ್ಬಿಣದ ಜಾಳಿಗೆ ಎತ್ತಿ ಒಬ್ಬನ ಮುಖಕ್ಕೆ ಬೀಸಿದಳು. ಅವನ ಕೆನ್ನೆ ತುಟಿಯವರೆಗೆ ಸೀಳಿತು. ಇನ್ನೊಬ್ಬನ ಮೊಣಕಾಲಿಗೆ ಒದ್ದಳು. ಮೂವರು ಅವಳ ಕೂದಲು ಹಿಡಿದು ಎಳೆದರು. ಬಿಡಿಸಿಕೊಂಡು ಹೋಗಿ ಮೇಜಿನ ಮೇಲೆ ಉಳಿದಿದ್ದ ಒಂದೇ ಪೆಟ್ಟಿಗೆಯ ಮೇಲೆ ಬಲಗೈ ಚಾಚಿ ಮುಚ್ಚಿದಳು. ಅದರಲ್ಲಿ ದೊಡ್ಡ ಸಾಲಿನ ತಾಯಿಯೊಂದು ಮರಿಗಳ ಮೇಲೆ ಮಲಗಿತ್ತು.

"ಕೈ ತಗಿ!" ಅಂದ ಶೇಖಪ್ಪ.

ಅವಳು ತೆಗೆಯಲಿಲ್ಲ. ಅವನು ಹೊಡೆದ. ಬೆರಳು ಮುರಿದ ಸದ್ದು ಬಾಗಿಲಿಗೆ ಸರಿದಿದ್ದ ನನಗೆ ಕೇಳಿಸಿತು. ಅವಳು ಕಿರುಚಿದಳು, ಕೈ ತೆಗೆಯಲಿಲ್ಲ. ಅವನು ಮತ್ತೆ ಹೊಡೆದ. ಆಮೇಲೆ ಪೆಟ್ಟಿಗೆಯೂ ಇರಲಿಲ್ಲ. ಕಟ್ಟಿಗೆ ಹೊಟ್ಟಿನ ರಾಶಿಗೆ ಯಾರೋ ಕಡ್ಡಿ ಗೀರಿದರು. ಹೊಗೆಯಲ್ಲಿ ಎಲ್ಲರೂ ಹೊರಗೆ ನುಗ್ಗಿದೆವು. ಅವಳನ್ನು ಎಳೆದು ಹೊರಗೆ ತಂದದ್ದು ನಾನಲ್ಲ. ಕೂಗು ಕೇಳಿ ಹಟ್ಟಿಯಿಂದ ಓಡಿ ಬಂದ ಅವಳ ತಮ್ಮ ಕಾಶೀಮ. ಅವನ ಜೊತೆ ಹತ್ತು ಜನ ಸಿದ್ದಿಗಳು ಕೊಡಲಿ ಹಿಡಿದು ಬಂದಿದ್ದರಿಂದ ಅವಳ ಮನೆಯ ಕಡೆಗೆ ಹೋಗುವ ಧೈರ್ಯ ಯಾರೂ ಮಾಡಲಿಲ್ಲ. ನನ್ನ ಗೋದಾಮಿನ ಕಡೆಗೂ ಯಾರೂ ಹೋಗಲಿಲ್ಲ. ಕೊಂದು ದಣಿದ ಜನ ಮನೆಗೆ ಹೋಗಿ ಮಲಗಿದರು.

ಬಲಗೈಯ ಎರಡು ಬೆರಳು ಕತ್ತರಿಸಬೇಕಾಯಿತು. ಮೂರನೆಯದು ಉಳಿಯಿತು, ಮಡಚುವುದಿಲ್ಲ. ಡಾಕ್ಟರು ಬಂದವರು ಸುಟ್ಟ ಗೋದಾಮಿನಲ್ಲಿ ಒಂದು ಸುತ್ತು ಹಾಕಿ, ನೇರ ಅವಳ ಹಟ್ಟಿಗೆ ಹೋದರು. ಅವಳು ಕಟ್ಟು ಹಾಕಿದ ಕೈಯಿಂದಲೇ ಡಬ್ಬಿ ತಂದಿಟ್ಟಳಂತೆ. ಒಳಗೆ ಹನ್ನೊಂದು.

"ಇವನ್ನ ಕೊಲ್ಲಾಕ ಹೇಳಿದ್ದೆನಲ್ಲವಾ?"

"ಹೇಳಿದ್ರಿ."

"ಮತ್ತ?"

"ಬಸರಿ ಇದ್ವು ಸಾಹೇಬ್ರ."

ಡಾಕ್ಟರು ಅವಳ ಹೊಸ್ತಿಲ ಮೇಲೆ ಕೂತು ಒಂದೊಂದನ್ನೂ ಕೈಗೆತ್ತಿಕೊಂಡು ಯಾವ ಸಾಲಿನದೆಂದು ನೋಡಿದರು ಎಂದು ಕಾಶೀಮ ಹೇಳಿದ. ಹನ್ನೊಂದರಲ್ಲಿ ಹೆಚ್ಚಿನವು ಸಣ್ಣ ಸಾಲು ಮತ್ತು ಸುಮ್ಮನಿನ ಸಾಲಿನವು. ದೊಡ್ಡ ಸಾಲಿನದು ಒಂದೇ ಒಂದು. ಅದು ಗಾಬರಿಯಲ್ಲಿ ಹೆತ್ತ ಮರಿಗಳನ್ನು ತಾನೇ ತಿಂದು ನಾಲ್ಕನೆಯ ದಿನ ಸತ್ತಿತು. ದೊಡ್ಡ ಸಾಲು ಅಲ್ಲಿಗೆ ಮುಗಿಯಿತು. ಉಳಿದವನ್ನು ಡಾಕ್ಟರು ಕಾರಿನಲ್ಲಿ ಧಾರವಾಡಕ್ಕೆ ಒಯ್ದರು. ಇಲಿಮನೆ ಮತ್ತೆ ತೆರೆಯಲಿಲ್ಲ. ಶೇಖಪ್ಪ ಎಂಟು ತಿಂಗಳು ಜೈಲಿನಲ್ಲಿದ್ದ. ಪೊಲೀಸರು ನನ್ನ ಹೇಳಿಕೆಯನ್ನು ನಂಬಿದರು, ಚಹಾ ಕುಡಿದರು. ಮಾಘ ಮಾಸದ ಹೊತ್ತಿಗೆ ಕಾಡಿನ ಇಲಿಗಳು ಬಂದ ಹಾಗೆಯೇ ಇಲ್ಲವಾದವು. ನನ್ನ ಮುನ್ನೂರು ಮೂಟೆ ಒಳ್ಳೆಯ ದರಕ್ಕೆ ಹೋದವು.

ಎರಡು ವರ್ಷ ಹಜರಾಬಿ ನನ್ನ ಮೆಟ್ಟಿಲು ಹತ್ತಲಿಲ್ಲ. ಕಟ್ಟಿಗೆ ಹೊರೆ ಹೊತ್ತು ಪೇಟೆಯಲ್ಲಿ ಹೋಗುವುದು ಕಾಣುತ್ತಿತ್ತು, ಎಡಗೈಯಲ್ಲಿ ಹೊರೆ ಹಿಡಿದು. ೧೯೮೫ರಲ್ಲಿ ಒಂದು ದಿನ ಬಂದಳು. ಅಂಗಡಿಯಲ್ಲಿ ನಾಲ್ಕೈದು ಗಿರಾಕಿಗಳಿದ್ದರು. ಕಡಲೆ ಕೇಳಲಿಲ್ಲ, ಏನೂ ಕೇಳಲಿಲ್ಲ.

"ಸಾವಕಾರ್ರ, ಒಂದು ಮಾತು. ಆವತ್ತು ಆ ಗೆರಿ ನಿಂತದ್ದು ನಿಮಗ ಕಂಡಿತ್ತಿಲ್ಲೊ?"

"ಹೊಗಿ, ಗದ್ದಲ... ಗಡಿಬಿಡ್ಯಾಗ ಸರಿಯಾಗಿ ಕಾಣಲಿಲ್ಲವಾ ಹಜರಾಬಿ."

ನಾನು ಕಾಗದ ಓದಿದಾಗ ಹೊಗೆ ಇನ್ನೂ ಎದ್ದಿರಲಿಲ್ಲ. ಅದು ಅವಳಿಗೂ ಗೊತ್ತು. ಅವಳು ನನ್ನನ್ನು ಮೇಲಿನಿಂದ ಕೆಳಗೆ ಒಂದು ಸಲ ನೋಡಿದಳು.

"ಕಾಣಲಿಲ್ಲ ಅಂದ್ರ ಆತು ಬಿಡ್ರಿ," ಅಂದಳು. ಇಳಿದು ಹೋದಳು.

ಅವಳು ಈಗಲೂ ಇದ್ದಾಳೆ, ಅದೇ ಹಟ್ಟಿಯಲ್ಲಿ, ತಮ್ಮನ ಮನೆಯ ಪಕ್ಕ. ಹಜರಾಬಿಗೆ ನನ್ನಿಂದ ಸಲ್ಲಬೇಕಾದದ್ದು ಇಷ್ಟು: ಗೆರೆ ನಿಂತಿತ್ತು, ನನಗೆ ಕಂಡಿತ್ತು, ಹೇಳಿದ್ದರೆ ಜನ ನಂಬುತ್ತಿದ್ದರು, ನಾನು ಹೇಳಲಿಲ್ಲ.